ಕಟ್ ಅಂದ ಮೇಲೆ

ಫೋನಿನಲ್ಲಿ ಆ ಹುಡುಗಿ ನಕ್ಕಳೋ, ಇಲ್ಲ ಸುಮ್ಮನೆ ಉಸಿರು ಬಿಟ್ಟಳೋ ಎನ್ನುವುದು ಬೆಳಗಿನಿಂದ ಅವನನ್ನು ಕೊರೆಯುತ್ತಿತ್ತು. ಚಿತ್ರಸಂಗ್ರಹಾಲಯದಿಂದ ಮಾತಾಡುತ್ತಿದ್ದೇನೆ ಎಂದಿದ್ದಳು. ಅವನ ಮೊದಲನೆಯ ಚಿತ್ರದ ನೆಗೆಟಿವ್ ತೊಳೆದು, ಗೀರುಗಳನ್ನೆಲ್ಲ ಅಳಿಸಿ, ಹೊಸ ಪ್ರತಿ ಮಾಡುವ ಕೆಲಸ ಅಲ್ಲಿ ಒಂದು ವರ್ಷದಿಂದ ನಡೆದಿತ್ತು. ಅದು ಅವನಿಗೆ ಗೊತ್ತಿದ್ದದ್ದೇ. "ಸರ್, ಒಂದು ಒಳ್ಳೇ ಸುದ್ದಿ. ಶೂಟಿಂಗ್ ಜಾಗದಲ್ಲಿ ರೆಕಾರ್ಡ್ ಮಾಡಿದ ಟೇಪುಗಳು ಸಿಕ್ಕಿವೆ. ತಾರಸಿ ದೃಶ್ಯದ್ದೂ ಇದೆ. ನೀವು ಇವತ್ತು ಬಂದು ಕೇಳ್ಬೇಕು ಸರ್, ಕೇಳ್ಲೇಬೇಕು." ಆ 'ಕೇಳ್ಲೇಬೇಕು' ಆದ ಮೇಲೆ ಆ ಸದ್ದು ಬಂದದ್ದು. ನಗೆಯಾದರೆ ಅವಳು ಟೇಪನ್ನು ಆಗಲೇ ಕೇಳಿದ್ದಾಳೆ. ಉಸಿರಾದರೆ ಬರೀ ಉಸಿರು. ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತ ಅವನು ಆ ಸದ್ದನ್ನು ತನ್ನ ಮೂಗಿನಿಂದಲೇ ಎರಡು ಮೂರು ರೀತಿ ಮಾಡಿ ನೋಡಿದ. ಮೂವತ್ತೈದು ವರ್ಷ ನಟನಟಿಯರಿಗೆ ಹೀಗೆ ನಗಿ, ಹಾಗೆ ಉಸಿರು ಬಿಡಿ ಎಂದು ಹೇಳಿಕೊಟ್ಟವನಿಗೆ ಒಂದು ಹುಡುಗಿಯ ಮೂಗಿನ ಸದ್ದು ಯಾವ ಜಾತಿಯದು ಎಂದು ತೀರ್ಮಾನಿಸಲು ಆಗಲಿಲ್ಲ.

"ಯಾರ್ರೀ ಅಷ್ಟು ಹೊತ್ತು ಫೋನಲ್ಲಿ?" ಹೆಂಡತಿ ಅಡುಗೆಮನೆಯಿಂದ ಕೇಳಿದಳು.

"ಯಾರೂ ಇಲ್ಲ. ಚಾನೆಲ್ಲಿನವರು."

"ಚಾನೆಲ್ಲಿನವರಿಗೆ ನೀವು 'ಆಯ್ತು ತಾಯಿ, ಬರ್ತೀನಿ' ಅನ್ನೋದು ಇವತ್ತೇ ಕೇಳಿದ್ದು ನಾನು."

ಗೊತ್ತಿದ್ದೇ ಕೇಳಿದಳಲ್ಲ ಎನ್ನಿಸಿತು. ಅವಳ ಪ್ರಶ್ನೆಗಳೆಲ್ಲ ಹಾಗೆಯೇ. ಉತ್ತರವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಆಮೇಲೆ ಪ್ರಶ್ನೆ ಕೇಳುವವಳು. ಮನೆಗೆ ಪತ್ರಿಕೆಯವರು, ಟೀವಿಯವರು ಸಂದರ್ಶನಕ್ಕೆಂದು ಬಂದಾಗಲೆಲ್ಲ ಅವಳು ಮೊದಲ ಐದು ನಿಮಿಷ ಕೂತು, ಮಾತು ತಾರಸಿಯ ದೃಶ್ಯಕ್ಕೆ ಬರುವ ಹೊತ್ತಿಗೆ ಸರಿಯಾಗಿ "ಕಾಫಿ ತರ್ತೀನಿ" ಎಂದು ಏಳುತ್ತಿದ್ದಳು. ಒಂದೇ ಕಥೆ ಕೇಳಿ ಕೇಳಿ ಬೇಜಾರಾಗಿರಬೇಕು ಎಂದುಕೊಂಡಿದ್ದ. ಈಗ ಗಲ್ಲದ ಕೆಳಗೆ ರೇಜರ್ ಎಳೆಯುತ್ತಿರುವಾಗ, ಯಾಕೆ ಯಾವಾಗಲೂ ಅದೇ ಜಾಗದಲ್ಲಿ ಏಳುತ್ತಾಳೆ ಎಂದು ಮೊದಲ ಸಲ ಯೋಚಿಸಿದ. ಚರ್ಮ ತುಸು ಸೀಳಿತು.

ತಾರಸಿಯ ದೃಶ್ಯ. ಅವನ ಹೆಸರು ಹೇಳಿದರೆ ಜನ ಮೊದಲು ಹೇಳುವುದು ಅದನ್ನೇ. ಚಿತ್ರದಲ್ಲಿ ಆ ತಾಯಿಯ ಮಗ ಕಾರ್ಖಾನೆಗೆ ಹೋದವನು ವಾಪಸು ಬಂದಿರುವುದಿಲ್ಲ. ಅವಳು ತಾರಸಿಗೆ ಹೋಗಿ ತಂತಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಾಳೆ, ಮಗನ ಅಂಗಿ ಕೈಗೆ ಬರುತ್ತದೆ, ಮಡಿಸಿ ಬುಟ್ಟಿಗೆ ಹಾಕಿಕೊಂಡು ಇಳಿದು ಹೋಗುತ್ತಾಳೆ. ಬರೆದದ್ದು ಅಷ್ಟೇ. ತೆರೆಯ ಮೇಲೆ ಬಂದದ್ದೇ ಬೇರೆ. ಅಂಗಿ ಮಡಿಸಿದವಳು ಇಳಿದು ಹೋಗದೆ ನೀರಿನ ತೊಟ್ಟಿಯ ಅಂಚಿನ ಮೇಲೆ ಕೂರುತ್ತಾಳೆ. ಮಡಿಕೆ ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡು ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಹಾಕುತ್ತ ಬರುತ್ತಾಳೆ. ನಾಲ್ಕನೆಯದು ಕಿತ್ತುಹೋಗಿದೆ. ಬೆರಳು ಆ ಇಲ್ಲದ ಗುಂಡಿಯನ್ನು ಹುಡುಕುತ್ತ ಅಲ್ಲೇ ಓಡಾಡುತ್ತದೆ, ನಿಲ್ಲುತ್ತದೆ, ಮತ್ತೆ ಹುಡುಕುತ್ತದೆ. ಮೂರೂವರೆ ನಿಮಿಷ. ಮಾತಿಲ್ಲ, ಸಂಗೀತವಿಲ್ಲ. ಇಷ್ಟು ಹೊತ್ತು ಕಣ್ಣು ಕೀಳದೆ ನೋಡುವ ಧೈರ್ಯ ಈ ಹೊಸ ನಿರ್ದೇಶಕನಿಗೆ ಎಲ್ಲಿಂದ ಬಂತು ಎಂದು ವಿಮರ್ಶಕರು ಬರೆದರು. ಅವನು ಒಂದು ಪತ್ರಿಕೆಗೆ ಹೇಳಿದ: "ಕಟ್ ಹೇಳುವುದು ಯಾರಿಗೂ ಬರುತ್ತದೆ. ಹೇಳದೆ ಇರುವುದೇ ನಿರ್ದೇಶನ." ಆ ಮಾತು ದಪ್ಪಕ್ಷರದಲ್ಲಿ ಅಚ್ಚಾಯಿತು. ಸಿನಿಮಾ ಕಲಿಸುವ ಕಾಲೇಜಿಗೆ ಉಪನ್ಯಾಸಕ್ಕೆ ಹೋದರೆ ಹುಡುಗರು ಅದನ್ನೇ ಮತ್ತೊಮ್ಮೆ ಅವನ ಬಾಯಿಂದ ಹೇಳಿಸುತ್ತಿದ್ದರು. ಹೇಳಿದಾಗ ಒಂದು ಬಗೆಯ ಮುಗುಳ್ನಗೆ ಸಾಲಿನಿಂದ ಸಾಲಿಗೆ ಹರಡುತ್ತಿತ್ತು. ಅದನ್ನು ಅವನು ಗೌರವವೆಂದು ತಿಳಿದಿದ್ದ.

ನಿಜವೆಂದರೆ ಅವನು ಕಟ್ ಹೇಳಿದ್ದ. ಅಂಗಿ ಮಡಿಸಿದ ಕೂಡಲೇ ಗಂಟಲೆತ್ತಿಯೇ ಹೇಳಿದ್ದ. ಕ್ಯಾಮರಾದ ಹಿಂದಿದ್ದ ಒಕ್ಕಣ್ಣ ನಿಲ್ಲಿಸಿರಲಿಲ್ಲ. ಒಕ್ಕಣ್ಣನಿಗೆ ಎರಡು ಕಣ್ಣೂ ನೆಟ್ಟಗೇ ಇದ್ದವು. ಬಸ್ಸಿಗೆ ಕಾಯುವಾಗಲೂ ಎಡಗಣ್ಣು ಮುಚ್ಚಿಕೊಂಡು ಜಗತ್ತನ್ನು ಅಳೆಯುತ್ತಿದ್ದುದಕ್ಕೆ ಗೆಳೆಯರು ಇಟ್ಟ ಹೆಸರು ಅದು. ಇದ್ದ ಫಿಲ್ಮೇ ಕಡಿಮೆ, ಅದನ್ನೂ ಸುಮ್ಮನೆ ಓಡಿಸಿಬಿಟ್ಟನಲ್ಲ ಎಂದು ಆವತ್ತು ಅವನು ಎಲ್ಲರೆದುರು ಒಕ್ಕಣ್ಣನನ್ನು ಬೈದದ್ದೂ ಉಂಟು. ಮೂರು ವಾರದ ಮೇಲೆ ಎಡಿಟಿಂಗ್ ಮೇಜಿನ ಮೇಲೆ ಆ ತುಣುಕು ಓಡಿದಾಗ ಎಡಿಟರ್ ಅದನ್ನು ಕತ್ತರಿಸದೆ ಮತ್ತೊಮ್ಮೆ ಮೊದಲಿನಿಂದ ಓಡಿಸಿದ. ಅವನ ದನಿಯನ್ನು ಅಳಿಸಿ, ಆ ಜಾಗಕ್ಕೆ ಗಾಳಿಯ ಸದ್ದು ಸೇರಿಸಿ, ಎಲ್ಲೋ ದೂರದಲ್ಲಿ ಒಂದು ಕಾಗೆ ಕೂಗಿಸಿದರು. ಕಾಗೆಯ ಬಗ್ಗೆಯೂ ಒಬ್ಬರು ಬರೆದರು.

ಸ್ಟುಡಿಯೋದಲ್ಲಿ ಅವನ ಧಾರಾವಾಹಿಯ ಸಾವಿರದ ಒಂಬೈನೂರ ಚಿಲ್ಲರೆಯ ಕಂತು ನಡೆದಿತ್ತು. ಎರಡನೆಯ ಚಿತ್ರ ಒಂದು ವಾರ ಓಡಿತು, ಮೂರನೆಯದು ಅರ್ಧಕ್ಕೆ ನಿಂತಿತು, ಆಮೇಲೆ ಇದೇ: ಪ್ಲೈವುಡ್ಡಿನ ಮನೆ, ಪ್ಲೈವುಡ್ಡಿನ ಪೊಲೀಸ್ ಠಾಣೆ, ಇವತ್ತು ಪ್ಲೈವುಡ್ಡಿನ ಆಸ್ಪತ್ರೆಯ ಪಡಸಾಲೆ. ಎಂಟು ಬಾಗಿಲು; ಯಾವುದನ್ನು ತೆರೆದರೂ ಹಿಂದೆ ಗೋಡೆ. ಅವನು ಒಳಗೆ ಕಾಲಿಟ್ಟಾಗ ಬೆಂಚಿನ ಹತ್ತಿರ ನಿಂತಿದ್ದ ನಾಲ್ಕು ಜನ ಮಾತು ನಿಲ್ಲಿಸಿದರು. ದಿನವೂ ನಿಲ್ಲಿಸುತ್ತಾರೆ, ಅದು ಹಿರಿಯರಿಗೆ ತೋರಿಸುವ ಮರ್ಯಾದೆ ಎಂದು ಯಾರಾದರೂ ಹೇಳಿಯಾರು. ಆದರೆ ಮರ್ಯಾದೆಗೆ ನಿಲ್ಲುವ ಮಾತಿಗೂ ಹೆದರಿ ನಿಲ್ಲುವ ಮಾತಿಗೂ ಕೊನೆಯ ಅಕ್ಷರದಲ್ಲಿ ವ್ಯತ್ಯಾಸವಿರುತ್ತದೆ. ಇವತ್ತಿನದು ಮೂರನೆಯ ಬಗೆ, ನಗು ನುಂಗಿದ್ದು. ಸಂಗ್ರಹಾಲಯದ ಹುಡುಗಿ ಇವರಲ್ಲಿ ಯಾರಿಗಾದರೂ ಗೆಳತಿಯಾಗಿರಬಹುದು. ಈಗಿನವರೆಲ್ಲ ಒಂದೇ ಕಾಲೇಜಿನಿಂದ ಬಂದವರು, ಒಬ್ಬರ ಫೋನಿನಲ್ಲಿ ಬಿದ್ದದ್ದು ಹತ್ತು ನಿಮಿಷದಲ್ಲಿ ಎಲ್ಲರ ಫೋನಿನಲ್ಲಿ. ಕುರ್ಚಿಯಲ್ಲಿ ಕೂತು ಅವನು ಮೇಕಪ್ಪಿನವನ ಕಡೆ, ಲೈಟಿನವನ ಕಡೆ, ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಹಾಸಿಗೆಯ ಮೇಲೆ ಮಲಗಿ ಮೊಬೈಲು ನೋಡುತ್ತಿದ್ದ ನಾಯಕಿಯ ಕಡೆ ನೋಡಿದ. ಅವಳು ಮೊಬೈಲು ನೋಡಿ ಒಮ್ಮೆ ನಕ್ಕಳು.

ಅವನ ಸಹನಿರ್ದೇಶಕಿ, ಆರು ವರ್ಷದಿಂದ ಜೊತೆಯಲ್ಲಿದ್ದವಳು, ಒಂದು ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದಳು. "ಹೂಂ, ಮಧ್ಯಾಹ್ನ ಹೋಗ್ತಾರೆ. ಅವರು ಹೋದ್ಮೇಲೆ ಮಾಡಿದ್ರಾಯ್ತು. ಈಗ ಬೇಡ, ಗಲಾಟೆ ಆಗುತ್ತೆ." ಪ್ಲೈವುಡ್ಡು ಎಲ್ಲವನ್ನೂ ದಾಟಿಸುತ್ತದೆ. ಹೀಗೇ ಆಗುವುದು. ಹೀಗೇ ಒಂದು ದಿನ ಬಂದಾಗ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿರುತ್ತಾರೆ, ಸರ್ ಬನ್ನಿ ಸರ್ ಎಂದು ಇನ್ನೊಂದು ಕುರ್ಚಿ ತರಿಸುತ್ತಾರೆ. ಹೊರಗೆ ಬಂದವಳನ್ನು ಎಲ್ಲರಿಗೂ ಕೇಳುವ ಹಾಗೆ ಕರೆದ.

"ಏನಮ್ಮಾ, ನಾನು ಹೋದ್ಮೇಲೆ ಮಾಡೋದು ಏನು?"

"ಸರ್?"

"ಗಲಾಟೆ ಆಗುತ್ತೆ, ಅವರು ಹೋದ್ಮೇಲೆ ಮಾಡೋಣ ಅಂದ್ಯಲ್ಲ. ಏನದು? ನನ್ನೆದುರಿಗೆ ಮಾಡೋಕೆ ಆಗದ ಕೆಲಸ?"

ಅವಳು ಒಂದು ಕ್ಷಣ ತೊದಲಿದಳು. "ಏ.ಸಿ. ರಿಪೇರಿ ಸರ್. ಮೆಕ್ಯಾನಿಕ್ ಈಗಲೇ ಬರ್ತೀನಿ ಅಂದ. ಡ್ರಿಲ್ಲಿಂಗ್ ಮಾಡ್ತಾನೆ, ಸೌಂಡಾಗುತ್ತೆ. ನಿಮ್ಮ ಸೀನ್ ಮುಗಿದು ನೀವು ಹೊರಟ ಮೇಲೆ ಬಾ ಅಂದೆ."

ಲೈಟಿನವನು ಕೆಮ್ಮಿದ. ಅದು ಕೆಮ್ಮಲ್ಲ ಎಂದು ಅವನಿಗೆ ಗೊತ್ತಿತ್ತು. "ಉತ್ತರ ಮಾತ್ರ ಯಾವಾಗಲೂ ರೆಡಿ ಇಟ್ಕೊಂಡಿರ್ತೀಯ," ಎಂದ. ಅವಳು ಕೈಯಲ್ಲಿದ್ದ ಹಾಳೆಗಳನ್ನು ನೋಡುತ್ತ ನಿಂತಳು, ಹಾಳೆಗಳು ತಲೆಕೆಳಗಾಗಿದ್ದವು. ತಾನು ಏ.ಸಿ.ಯ ಬಗ್ಗೆ ಸಂಶಯಪಟ್ಟೆನೆಂದು ಸಂಜೆಯೊಳಗೆ ಎಲ್ಲ ಸೆಟ್ಟುಗಳಿಗೂ ಸುದ್ದಿ ಮುಟ್ಟುತ್ತದೆ. ಆದರೂ ಒಳಗಿನ ಹುಳ ಸುಮ್ಮನಾಗಲಿಲ್ಲ. ಮೆಕ್ಯಾನಿಕ್ಕಿನ ಜೊತೆ ಮಾತಾಡುವವಳು ಗೋಡೆಗೆ ಮುಖ ಮಾಡಿ ಯಾಕೆ ನಿಲ್ಲಬೇಕು?

ಸಂಗ್ರಹಾಲಯಕ್ಕೆ ಹೋಗುವ ದಾರಿಯುದ್ದಕ್ಕೂ ಕಾರಿನ ಕಿಟಕಿಯ ಗಾಜಿನಲ್ಲಿ ಒಕ್ಕಣ್ಣನ ಮುಖ ಬಂದು ಹೋಯಿತು. ಮೂವತ್ಮೂರು ವರ್ಷವಾಯಿತು ಅವನ ಜೊತೆ ಕೆಲಸ ಮಾಡಿ. ಎರಡನೆಯ ಚಿತ್ರದ ತಯಾರಿ ನಡೆದಿದ್ದಾಗ, ನಿರ್ಮಾಪಕರ ಕಚೇರಿಯಲ್ಲಿ ಆರೇಳು ಜನ ಕೂತಿದ್ದಾಗ, ಕಲಾ ನಿರ್ದೇಶಕ ಬೆನ್ನು ತಟ್ಟಿ ಹೇಳಿದ್ದ: "ಏನಪ್ಪಾ, ಈ ಸಲವೂ ಕಟ್ ಅಂದ ಮೇಲೇನೇ ಪಿಕ್ಚರ್ ಶುರುವೋ?" ಎಲ್ಲರೂ ನಕ್ಕರು. ಅವನೂ ನಕ್ಕ. ನಗುತ್ತಲೇ ಲೆಕ್ಕ ಹಾಕಿದ. ಈ ಕಲಾ ನಿರ್ದೇಶಕ ಆವತ್ತು ತಾರಸಿಯ ಮೇಲೆ ಇರಲಿಲ್ಲ. ಇವನಿಗೆ ಹೇಳಿದವರು ಯಾರು? ಎರಡು ದಿನ ಯೋಚಿಸಿ, ಇನ್ನು ಯಾರು ಹೇಳಲು ಸಾಧ್ಯ ಎಂದು ತೀರ್ಮಾನಿಸಿ, ಒಕ್ಕಣ್ಣನಿಗೆ ಫೋನು ಮಾಡಿ "ನಿರ್ಮಾಪಕರಿಗೆ ಬೇರೆ ಕ್ಯಾಮರಾಮನ್ ಬೇಕಂತೆ ಕಣೋ, ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ" ಎಂದಿದ್ದ. "ಹೌದಾ. ಇರ್ಲಿ ಬಿಡು," ಎಂದಿದ್ದ ಒಕ್ಕಣ್ಣ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತಪ್ಪು ಮಾಡದವನು ಪ್ರಶ್ನೆ ಕೇಳುವುದಿಲ್ಲವೇ? ಆ 'ಇರ್ಲಿ ಬಿಡು' ಎನ್ನುವುದೇ ದೊಡ್ಡ ಸಾಕ್ಷಿಯಾಗಿ ಇಷ್ಟು ವರ್ಷ ಅವನ ಬಳಿ ಉಳಿದಿತ್ತು. ಆಮೇಲೆ ಎರಡು ಸಾವಿನ ಮನೆಗಳಲ್ಲಿ ಸಿಕ್ಕಿದ್ದ. ಒಂದು ಅಮ್ಮನದು, ಅದೇ ತಾಯಿಯ ಪಾತ್ರ ಮಾಡಿದ ರಂಗಭೂಮಿಯ ಹಿರಿಯಾಕೆ. ಎಲ್ಲರೂ ಅವಳನ್ನು ಅಮ್ಮ ಎಂದೇ ಕರೆಯುತ್ತಿದ್ದರು. ಒಕ್ಕಣ್ಣ ಒಂದು ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಾನೆ, ಮದುವೆ, ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾನೆ ಎಂದು ಯಾರೋ ಅಲ್ಲಿ ಹೇಳಿದ್ದರು. ಕೇಳಿಸಿಕೊಂಡು ಅವನು ತಲೆಯಾಡಿಸಿ ದೂರದ ಕುರ್ಚಿ ಹುಡುಕಿಕೊಂಡಿದ್ದ.

ಟೇಪು ಒಕ್ಕಣ್ಣನ ಹತ್ತಿರವೇ ಇದ್ದಿರಬೇಕು. ಇಷ್ಟು ವರ್ಷ ಕಾದು, ಚಿತ್ರಕ್ಕೆ ಮರುಜೀವ ಬರುವ ಹೊತ್ತಿಗೆ ಸರಿಯಾಗಿ ತಂದು ಕೊಟ್ಟಿದ್ದಾನೆ. ಕೊಡಲಿ. ಅಮ್ಮ ಕೂತಾಗಲೇ ನಾನು ಕೈಸನ್ನೆ ಮಾಡಿ ಮುಂದುವರಿಸು ಅಂದೆ ಎಂದು ಹೇಳಬಹುದು. ಕೈಸನ್ನೆ ಟೇಪಿನಲ್ಲಿ ಕೇಳುವುದಿಲ್ಲ. ಆ ಉಪಾಯ ಹೊಳೆದದ್ದೇ ಸ್ವಲ್ಪ ಹಗುರವಾಯಿತು. ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು.

ಎರಡನೆಯ ಮಹಡಿಯ ಕೋಣೆಯ ಗೋಡೆಗಳಿಗೆಲ್ಲ ಬೂದು ಬಣ್ಣದ ದಪ್ಪ ಬಟ್ಟೆ ಹೊದಿಸಿತ್ತು. ಮಾತಾಡಿದರೆ ಮಾತು ಬಾಯಿಯ ಮುಂದೆಯೇ ಬಿದ್ದುಬಿಡುತ್ತಿತ್ತು. ಒಂದು ಪರದೆ, ಮೂರು ಕುರ್ಚಿ, ಮೇಜಿನ ಮೇಲೆ ಎರಡು ತಟ್ಟೆಯಗಲದ ಸುರುಳಿಗಳಿದ್ದ ಹಳೆಯ ಯಂತ್ರ. ಮೂರರಲ್ಲಿ ಒಂದು ಕುರ್ಚಿಯ ಮೇಲೆ ಒಕ್ಕಣ್ಣ ಕೂತಿದ್ದ. ತಲೆ ಪೂರ್ತಿ ನೆರೆತಿತ್ತು, ದಪ್ಪ ಗಾಜಿನ ಕನ್ನಡಕ, ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ಅಂದುಕೊಂಡಂತೆಯೇ ಆಯಿತಲ್ಲ ಎಂದು ಒಳಗೊಳಗೇ ಗೆದ್ದವನ ಹಾಗೆ ಅವನು ನಿಂತ.

"ಬಂದ್ಯಾ," ಎಂದ ಒಕ್ಕಣ್ಣ. "ಗಲ್ಲದ ಹತ್ರ ಕುಯ್ಕೊಂಡಿದ್ದೀಯ."

"ನಿನ್ನನ್ನ ಯಾರು ಕರೆದ್ರು?"

"ನಾನೇ ಕರೆದೆ ಸರ್," ಎಂದಳು ಹುಡುಗಿ. ಇಪ್ಪತ್ತೈದರ ಆಸುಪಾಸು, ಕೈಗೆ ಬಿಳಿಯ ಗವಸು. "ಟೇಪು ಸೌಂಡ್ ರೆಕಾರ್ಡಿಸ್ಟ್ ಮಗಳ ಮನೆ ಅಟ್ಟದಲ್ಲಿ ಸಿಕ್ತು. ಇಬ್ಬರೂ ಒಟ್ಟಿಗೇ ಕೇಳಿದ್ರೆ ಚೆನ್ನಾಗಿರುತ್ತೆ ಅಂತ. ಚಿತ್ರನೂ ಜೊತೆಗೇ ಓಡಿಸ್ತೀನಿ."

ಪರದೆಯ ಮೇಲೆ ತಾರಸಿ ಬೆಳಗಿತು. ಗೀರಿಲ್ಲದೆ, ಕಲೆಯಿಲ್ಲದೆ, ನಿನ್ನೆ ತೆಗೆದ ಹಾಗೆ. ತಂತಿಯ ಮೇಲೆ ಬಟ್ಟೆಗಳು ಹಾರುತ್ತಿದ್ದವು. ಸುರುಳಿ ತಿರುಗಿತು, ಸುಯ್ ಎನ್ನುವ ಸದ್ದು, ಅದರೊಳಗಿಂದ ಬೀದಿಯ ಸದ್ದು, ಯಾರೋ ಕೆಮ್ಮಿದ್ದು, ಅಮ್ಮನ ಬಳೆಯ ಸದ್ದು. ಅಮ್ಮ ಅಂಗಿ ಮಡಿಸಿದಳು. ಆಗ ಕೋಣೆಯೊಳಗೆ ಒಬ್ಬ ಯುವಕ, ತೆಳ್ಳನೆಯ, ಅವಸರದ, ತನ್ನನ್ನು ಯಾರೂ ಮಧ್ಯದಲ್ಲಿ ತಡೆಯಲಾರರು ಎಂದು ನಂಬಿದ ದನಿಯಲ್ಲಿ ಕೂಗಿದ: "ಕಟ್!"

ಅದು ತನ್ನ ದನಿಯೆಂದು ಗುರುತು ಹತ್ತಲು ಅವನಿಗೆ ಒಂದು ಕ್ಷಣ ಬೇಕಾಯಿತು. ಪರದೆಯ ಮೇಲೆ ಅಮ್ಮ ತೊಟ್ಟಿಯ ಅಂಚಿನ ಮೇಲೆ ಕೂತಳು. "ಕಟ್ ಅಂದೆ ಕಣ್ರೋ! ಏ ಒಕ್ಕಣ್ಣ, ಕಿವಿ ಎಲ್ಲಿಟ್ಟಿದ್ದೀಯ?" ಯಂತ್ರ ನಿಲ್ಲಲಿಲ್ಲ. ಅಮ್ಮ ಮೊದಲನೆಯ ಗುಂಡಿ ಹಾಕಿದಳು. ಅವನು ಪರದೆ ನೋಡದೆ ಹುಡುಗಿಯ ಮುಖ ನೋಡುತ್ತಿದ್ದ. ಅವಳು ಮುಗುಳ್ನಗುತ್ತಿದ್ದಳು. ಬೆಳಗಿನ ಸದ್ದು ನಗೆಯೇ ಆಗಿತ್ತು.

"ನಿಲ್ಲಿಸಿ," ಎಂದ. ಹುಡುಗಿ ಗಾಬರಿಯಾಗಿ ಗುಂಡಿ ಒತ್ತಿದಳು. "ಕೈಸನ್ನೆ ಮಾಡಿದ್ದೆ ನಾನು. ಬಾಯಲ್ಲಿ ಕಟ್ ಅಂದ್ರೂ ಕೈಯಲ್ಲಿ..." ಎಂದು ಶುರು ಮಾಡಿ, ಆ ವಾಕ್ಯ ಎಲ್ಲಿಗೂ ಹೋಗದೆ ಬೂದು ಬಟ್ಟೆಯೊಳಗೆ ಇಂಗಿತು. "ನೀವು ಇದನ್ನ ಯಾರ್ಯಾರಿಗೆ ಕೇಳಿಸಿದ್ದೀರಿ?"

"ಯಾರಿಗೂ ಇಲ್ಲ ಸರ್." ಅವಳ ಮುಖದಲ್ಲಿ ನಿಜವಾದ ಗೊಂದಲವಿತ್ತು. "ಆದ್ರೆ ಇದು ಎಲ್ಲರಿಗೂ ಗೊತ್ತಿರೋದೇ ಅಲ್ವಾ ಸರ್? ನಮಗೆ ಕಾಲೇಜಲ್ಲಿ ಮೊದಲನೇ ವರ್ಷದಲ್ಲೇ ಹೇಳಿದ್ರು. ನೀವು ಕಟ್ ಅಂದಿದ್ದು, ಇವರು ನಿಲ್ಲಿಸದೇ ಇದ್ದದ್ದು. ನೀವು ಬಂದು ಆ ಮಾತು ಹೇಳ್ತಿದ್ರಲ್ಲ, ಹೇಳದೆ ಇರೋದೇ ನಿರ್ದೇಶನ ಅಂತ... ಅದು ತಮಾಷೆಗೆ ಹೇಳ್ತೀರಿ ಅಂದ್ಕೊಂಡಿದ್ವಿ ಸರ್. ನಮಗೆಲ್ಲ ತುಂಬ ಇಷ್ಟ ಆಗ್ತಿತ್ತು."

ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು. ಸಾಲಿನಿಂದ ಸಾಲಿಗೆ ಹರಡುತ್ತಿದ್ದ ಆ ಮುಗುಳ್ನಗೆಗಳು ಒಂದೊಂದಾಗಿ ತಿರುಗಿ ಅವನ ಮುಖ ನೋಡಿದವು. ಸನ್ಮಾನದ ವೇದಿಕೆಗಳ ಮೇಲೆ ಪಕ್ಕದಲ್ಲಿ ಕೂತಿದ್ದವರು, ಮೈಕು ಹಿಡಿದವರು, "ಆ ದೃಶ್ಯದ ಬಗ್ಗೆ ಹೇಳಿ ಸರ್" ಎಂದು ಕೆಣಕಿ ಕೆಣಕಿ ಕೇಳಿದವರು. ಯಾರೂ ಎದ್ದು ಸುಳ್ಳು ಎನ್ನಲಿಲ್ಲ. ಮನೆಯ ಅಜ್ಜ ತನ್ನ ಹುಲಿಬೇಟೆಯ ಕಥೆ ಹೇಳಿದಾಗ ಮಕ್ಕಳು ಸುಮ್ಮನಿರುವಂತೆ ಸುಮ್ಮನಿದ್ದರು. ಅವಮಾನಕ್ಕೆ ಒಂದು ದಿಕ್ಕು ಬೇಕಿತ್ತು. ಅವನು ಒಕ್ಕಣ್ಣನ ಕಡೆ ತಿರುಗಿದ.

"ಅಂತೂ ಊರಿಗೆಲ್ಲ ಡಂಗುರ ಹೊಡೆದೆ."

"ನಾನಾ?" ಒಕ್ಕಣ್ಣ ಕನ್ನಡಕ ತೆಗೆದ. "ಹೇಳಿದ್ದು ನೀನೇ ಅಲ್ವೇನೋ."

"ನಾನು?"

"ಪ್ರಶಸ್ತಿ ಬಂದಾಗ ಹೋಟೆಲಲ್ಲಿ ಮಧ್ಯಾಹ್ನ ಊಟ ಹಾಕಿಸಿದ್ಯಲ್ಲ, ಮೂವತ್ತು ನಲವತ್ತು ಜನಕ್ಕೆ. ಕುರ್ಚಿ ಮೇಲೆ ಹತ್ತಿ ನಿಂತ್ಕೊಂಡೆ. ನನ್ನನ್ನೂ ಎಳೆದು ಪಕ್ಕದ ಕುರ್ಚಿ ಮೇಲೆ ನಿಲ್ಲಿಸಿದೆ. 'ನಾನು ಕಟ್ ಅಂದೆ, ಈ ನನ್ಮಗ ನಿಲ್ಲಿಸಲಿಲ್ಲ, ಅದಕ್ಕೇ ಇವತ್ತು ನೀವೆಲ್ಲ ಊಟ ಮಾಡ್ತಿದ್ದೀರಿ' ಅಂದೆ. ಅಮ್ಮ ಇದ್ರು. ನಿನ್ನ ಹೆಂಡ್ತಿನೂ ಇದ್ರು, ಆಗಿನ್ನೂ ಮದುವೆ ಆಗಿರಲಿಲ್ಲ ನಿಮಗೆ. ಅವರು ಬಿದ್ದು ಬಿದ್ದು ನಕ್ಕಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ."

ಆ ಊಟ ಅವನಿಗೆ ನೆನಪಿತ್ತು. ಕಿಟಕಿಯ ನೀಲಿ ಪರದೆಗಳು ನೆನಪಿದ್ದವು. ಕುರ್ಚಿಯ ಮೇಲೆ ಹತ್ತಿದ್ದು ಇಲ್ಲ, ಇಲ್ಲ ಎಂದುಕೊಳ್ಳುತ್ತಿರುವಾಗಲೇ ಕಾಲಡಿಯಲ್ಲಿ ಕುರ್ಚಿಯ ಮೆತ್ತೆ ಕುಸಿದದ್ದು, ಬೀಳದಿರಲು ಒಕ್ಕಣ್ಣನ ಹೆಗಲು ಹಿಡಿದದ್ದು, ಬೆವರಿನಿಂದ ಅವನ ಅಂಗಿ ಒದ್ದೆಯಾಗಿದ್ದದ್ದು ಅಂಗೈಗೆ ನೆನಪಾಯಿತು. ಎಷ್ಟು ಸಂತೋಷವಾಗಿತ್ತು ಆವತ್ತು. ಹೇಳಿದರೆ ಏನೂ ಕಳೆದುಹೋಗುವುದಿಲ್ಲ ಎಂದು ನಂಬಿದ್ದ ಒಬ್ಬ ಹುಡುಗ. ಒಂದು ತಿಂಗಳ ಮೇಲೆ ಆ ದಪ್ಪಕ್ಷರದ ಸಂದರ್ಶನ ಬಂದಿತ್ತು, ಆಮೇಲೆ ಆ ಹುಡುಗನನ್ನು ಅವನು ಮಾತಾಡಲು ಬಿಟ್ಟಿರಲಿಲ್ಲ. ಮತ್ತೆ ಹೆಂಡತಿ. ಮೂವತ್ಮೂರು ವರ್ಷ, ಸರಿಯಾಗಿ ಅದೇ ಜಾಗದಲ್ಲಿ ಎದ್ದು ಕಾಫಿಗೆ ಹೋದವಳು. ಬೇಜಾರಿಗಲ್ಲ. ಎದುರಿಗೆ ಕೂತು ಗಂಡನ ಸುಳ್ಳು ಕೇಳಬಾರದೆಂದು.

"ಸರ್, ಇನ್ನೂ ಸ್ವಲ್ಪ ಇದೆ," ಎಂದಳು ಹುಡುಗಿ ಮೆಲ್ಲಗೆ. "ನಾನು ಕೇಳಲೇಬೇಕು ಅಂದದ್ದು ಅದಲ್ಲ, ಇದು."

ಯಂತ್ರ ಮತ್ತೆ ತಿರುಗಿತು. ಗುಂಡಿಗಳು ಮುಗಿದವು, ಬೆರಳು ಹುಡುಕಿತು, ನಿಂತಿತು. ಪರದೆ ಕಪ್ಪಾಯಿತು, ಫಿಲ್ಮು ಅಲ್ಲಿಗೆ ಮುಗಿದಿತ್ತು. ಟೇಪು ಮಾತ್ರ ಓಡುತ್ತಲೇ ಇತ್ತು. ದಡದಡನೆ ನಡೆದು ಬರುವ ಹೆಜ್ಜೆ, ಒಕ್ಕಣ್ಣನಿಗೆ ಬಿದ್ದ ಬೈಗುಳ, ಅವನಪ್ಪನವರೆಗೂ ಹೋಗುವ ಬೈಗುಳ. ಆಮೇಲೆ ಅದೇ ಯುವಕ: "ಅಮ್ಮಾ, ಕಟ್ ಅಂದ ಮೇಲೂ ಯಾಕೆ ಕೂತ್ಕೊಂಡ್ರಿ? ಇಳಿದು ಹೋಗಿ ಅಂತ ಅಲ್ವಾ ಹೇಳಿದ್ದು?"

ಅಮ್ಮನ ದನಿ ಬಹಳ ಹತ್ತಿರದಿಂದ ಬಂತು. ಮೈಕು ಅವಳ ಪಕ್ಕದಲ್ಲೇ ಇದ್ದಿರಬೇಕು. "ಇನ್ನೂ ಮುಗಿದಿರಲಿಲ್ಲ ಕಣಪ್ಪ."

"ಮುಗೀತೋ ಇಲ್ವೋ ಹೇಳೋನು ನಾನು. ನೀವು ನಾನು ಹೇಳಿದಷ್ಟು ಮಾಡಿ."

"ಆಯ್ತಪ್ಪ. ತಪ್ಪಾಯ್ತು. ಬೇಕಾದ್ರೆ ಇನ್ನೊಂದ್ಸಲ ಮಾಡ್ತೀನಿ, ಇಳಿದು ಹೋಗ್ತೀನಿ." ಬಟ್ಟೆಯ ಸರಬರ ಸದ್ದು. ಅಂಗಿಯನ್ನು ಮತ್ತೆ ತಂತಿಗೆ ಹಾಕುತ್ತಿದ್ದಳು. ಟೇಪು ಅಲ್ಲಿಗೆ ಮುಗಿಯಿತು, ಸುರುಳಿಯ ತುದಿ ಬಿಚ್ಚಿಕೊಂಡು ಪಟಪಟ ಬಡಿಯಿತು.

ಕಟ್ ಹೇಳಿದ್ದು ಯಾರು, ನಿಲ್ಲಿಸದೇ ಇದ್ದದ್ದು ಯಾರು ಎಂದು ಇಷ್ಟು ವರ್ಷ ಲೆಕ್ಕ ಹಾಕುತ್ತಿದ್ದವನಿಗೆ, ಕಟ್ ಎಂದದ್ದು ಕೇಳಿಸಿಯೂ ಕೂತವಳೊಬ್ಬಳಿದ್ದಳು ಎಂದು ಹೊಳೆದೇ ಇರಲಿಲ್ಲ. ಅಮ್ಮನಿಗೆ ಬಂದದ್ದು ಪತ್ರಿಕೆಗಳಲ್ಲಿ ಎರಡು ಸಾಲು, ಸಹಜ ಅಭಿನಯ ಎಂದು. ಅವಳು ತನ್ನಲ್ಲಿ ಕ್ಷಮೆ ಕೇಳಿದ್ದಳು. ಸತ್ತು ಹನ್ನೊಂದು ವರ್ಷ.

"ಯಾಕೆ ನಿಲ್ಲಿಸಲಿಲ್ಲ ನೀನು?" ಎಂದು ಒಕ್ಕಣ್ಣನನ್ನು ಕೇಳಿದ. ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಅಮ್ಮ ನಿಲ್ಲಿಸಲಿಲ್ಲವಲ್ಲ," ಎಂದ ಒಕ್ಕಣ್ಣ.

ಹೊಸ ಪ್ರತಿಯ ಜೊತೆಗೆ ಈ ಧ್ವನಿಯನ್ನೂ ಸೇರಿಸಬಹುದೇ, ಜನ ಕೇಳಲಿ ಎಂದು ಹುಡುಗಿ ಕೇಳಿದಳು. ಇಲ್ಲಿ ಒಂದು ಸಹಿ ಬೇಕು ಎಂದಳು. "ಬೇಡ ಬಿಡಮ್ಮ, ಯಾಕೆ ಸುಮ್ನೆ ಅವರಿಗೆ," ಎಂದ ಒಕ್ಕಣ್ಣ. ಆ ಮಾತಿನಲ್ಲಿ ಕರುಣೆಯಿದೆಯೋ ಮುಳ್ಳಿದೆಯೋ ಎಂದು ಹುಡುಕತೊಡಗಿದ ತನ್ನ ಮನಸ್ಸನ್ನು ಕಂಡು ಅವನಿಗೆ ಹೇಸಿಗೆಯಾಯಿತು. ಸಹಿ ಹಾಕಿದ.

ಇಬ್ಬರೂ ಮೆಟ್ಟಿಲಿಳಿದರು. ಕೆಳಗೆ ಕಾರು ಕಾಯುತ್ತಿತ್ತು. ಬಿಡ್ತೀನಿ ಬಾ ಎಂದರೆ ಒಕ್ಕಣ್ಣ ಬೇಡವೆಂದು ರಸ್ತೆ ದಾಟಿದ. ಅವನೂ ದಾಟಿದ. ಬಸ್ ನಿಲ್ದಾಣದ ತಗಡಿನ ಮಾಡಿನ ಕೆಳಗೆ ಜನರಿದ್ದರು, ಕಚೇರಿ ಬಿಡುವ ಹೊತ್ತು. ಒಬ್ಬಳು ಹೆಂಗಸು ಅವನ ಮುಖವನ್ನು ಎಲ್ಲೋ ನೋಡಿದಂತಿದೆಯಲ್ಲ ಎಂಬಂತೆ ನೋಡಿ, ಯಾರೂ ಅಲ್ಲವೆಂದು ತೀರ್ಮಾನಿಸಿ ಮುಖ ತಿರುಗಿಸಿದಳು.

"ಒಂದು ಕೇಳ್ತೀನಿ," ಎಂದ ಒಕ್ಕಣ್ಣ, ರಸ್ತೆಯ ಕಡೆ ನೋಡುತ್ತ. "ಆಮೇಲೆ ನನ್ನನ್ನ ಯಾಕೆ ಕರೀಲಿಲ್ಲ ನೀನು?"

ನಿರ್ಮಾಪಕರು ಎನ್ನುವ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದು ಸವೆದಿತ್ತು, ನುಣ್ಣಗಿತ್ತು, ತಾನಾಗಿ ಜಾರಿ ಬರುವಂತಿತ್ತು. "ನೀನು ಹೇಳಿಬಿಡ್ತೀಯ ಅಂತ," ಎಂದ.

"ಏನನ್ನ?"

"ಕಟ್ ಅಂದಿದ್ದನ್ನ."

ಒಕ್ಕಣ್ಣ ನಗುತ್ತಾನೆ ಎಂದುಕೊಂಡ. ನಗಲಿಲ್ಲ. "ಅದಕ್ಕಾ," ಎಂದ. ಮತ್ತೆ, "ಅಷ್ಟಕ್ಕಾ?" ಎಂದ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ನಾನು ನನ್ನ ಕೆಲಸ ಸರಿ ಇರಲಿಲ್ಲ ಅಂದ್ಕೊಂಡಿದ್ದೆ ಕಣೋ. ನಿರ್ಮಾಪಕರಿಗೆ ಬೇಡವಂತೆ ಅಂದ್ಯಲ್ಲ. ಯಾಕೆ ಬೇಡ ಅಂತ ಕೇಳೋಕೂ ನಾಚಿಕೆ ಆಯ್ತು. ನಮ್ಮ ಮೊದಲನೇ ಪಿಕ್ಚರ್ ಎಲ್ಲೆಲ್ಲಿ ಹಾಕಿದ್ರೋ ಅಲ್ಲೆಲ್ಲ ಹೋಗಿ ಹೋಗಿ ನೋಡಿದೆ, ಎಲ್ಲಿ ಕೆಡಿಸಿದ್ದೀನಿ ಅಂತ. ಗುಂಡಿ ಹುಡುಕೋ ಕಡೆ ಅಮ್ಮನ ಕೈ ಚೂರು ಮಸುಕಾಗಿದೆ ಅಂತ ಅನ್ನಿಸ್ತು. ಇದೇ ಇರ್ಬೇಕು, ಇದನ್ನೇ ನೋಡಿರ್ತಾರೆ ಅಂದ್ಕೊಂಡೆ. ಆಮೇಲೆ ಬೇರೆಯವರು ಇಬ್ಬರು ಕರೆದ್ರು. ಹೋಗ್ಲಿಲ್ಲ. ಮತ್ತೆ ಕೆಡಿಸಿಬಿಟ್ರೆ ಅಂತ. ಮದುವೆ ಮನೆಯಲ್ಲಾದ್ರೆ ಮಸುಕಾದ್ರೂ ಯಾರೂ ಕೇಳಲ್ಲ."

"ಮಸುಕಾಗಿಲ್ಲ."

"ಗೊತ್ತು. ಈಗ ನೋಡಿದೆನಲ್ಲ, ದೊಡ್ಡದಾಗಿ." ಅವನು ಕನ್ನಡಕವನ್ನು ಅಂಗಿಯ ತುದಿಗೆ ಉಜ್ಜಿದ. "ಕೂದಲೆಳೆಯಷ್ಟೂ ಇಲ್ಲ. ಥಿಯೇಟರಿನ ಪ್ರೊಜೆಕ್ಟರ್ ಲೆನ್ಸೇ ಕೊಳೆಯಾಗಿತ್ತೋ ಏನೋ."

ಏನಾದರೂ ಹೇಳಬೇಕಿತ್ತು. ಹೇಳಬೇಕೆಂದು ಬಾಯಿ ತೆರೆಯುವ ಮೊದಲೇ ಅವನ ತಲೆಯೊಳಗೆ ಯಾರೋ ಈ ದೃಶ್ಯವನ್ನು ಕಟ್ಟತೊಡಗಿದ್ದರು: ಹೊಸ ಪ್ರತಿಯ ಬಿಡುಗಡೆಯ ದಿನ, ವೇದಿಕೆ, ತುಂಬಿದ ಸಭೆ, 'ಒಂದು ಬಸ್ ನಿಲ್ದಾಣದಲ್ಲಿ ನನ್ನ ಗೆಳೆಯ ಕೇಳಿದ' ಎಂದು ಗದ್ಗದವಾಗುವ ತನ್ನ ದನಿ, ಏಳುವ ಚಪ್ಪಾಳೆ. ಎಲ್ಲಿ ನಿಲ್ಲಬೇಕು, ಎಲ್ಲಿ ಕಣ್ಣೊರೆಸಿಕೊಳ್ಳಬೇಕು ಎನ್ನುವುದೂ ತೀರ್ಮಾನವಾಗಿತ್ತು. ಇಡೀ ದಿನ ಊರಿನವರನ್ನೆಲ್ಲ ಸಂಶಯದಿಂದ ನೋಡಿದವನಿಗೆ, ತಾನು ಕಾವಲು ಕಾಯಬೇಕಾಗಿದ್ದ ಕಳ್ಳ ತಲೆಯೊಳಗಿನ ಇವನೇ ಎಂದು ಗೊತ್ತಾಯಿತು. ಆ ದನಿ ಮುಗಿಯಲೆಂದು ಕಾದ. ಮುಗಿಯಲಿಲ್ಲ. ಅದು ಮಾತಾಡುತ್ತಿದ್ದಂತೆಯೇ, ಅದರ ಮೇಲೆ ತನ್ನ ಬಾಯಿಂದ ಹೇಳಿದ:

"ತಪ್ಪಾಯ್ತು ಕಣೋ."

ಬಸ್ಸು ಬಂದು ನಿಂತಿತು. ಬ್ರೇಕಿನ ಕಿರುಚಾಟ, ಜನರ ನುಗ್ಗಾಟ. ಒಕ್ಕಣ್ಣ ಕಿವಿಗೆ ಕೈಯಿಟ್ಟ. "ಏನಂದೆ?"

"ತಪ್ಪಾಯ್ತು ಅಂದೆ!" ಸೆಟ್ಟಿನಲ್ಲಿ ಕೂಗುವ ದನಿಯಲ್ಲೇ ಕೂಗಿದ. ನಾಲ್ಕಾರು ಜನ ತಿರುಗಿ ನೋಡಿದರು. ಆ ಹೆಂಗಸೂ ನೋಡಿದಳು.

"ಮೊದಲೇ ಕೇಳಿಸ್ತು," ಎಂದ ಒಕ್ಕಣ್ಣ, ಮೆಟ್ಟಿಲ ಮೇಲೆ ಕಾಲಿಡುತ್ತ. "ಇನ್ನೊಂದ್ಸಲ ಹೇಳ್ತೀಯೋ ಇಲ್ವೋ ನೋಡೋಣ ಅಂತ."

ಅವನು ಬಾಗಿಲ ಮುಂದೆ ಅಡ್ಡ ನಿಂತೇ ಇದ್ದ. ರಸ್ತೆಯ ಆಚೆ ಕಾರಿನವನು ಕೈಯೆತ್ತಿ ಕರೆಯುತ್ತಿದ್ದ. "ಹತ್ತೋದಾದ್ರೆ ಹತ್ರೀ, ಇಲ್ಲಾಂದ್ರೆ ದಾರಿ ಬಿಡಿ," ಎಂದು ಹಿಂದಿನವರು ಗದರಿದರು. ಬಸ್ಸು ಎಲ್ಲಿಗೆ ಹೋಗುವುದೆಂದು ಬೋರ್ಡು ನೋಡದೆ ಅವನು ಹತ್ತಿದ. ಒಕ್ಕಣ್ಣ ಕಿಟಕಿಯ ಪಕ್ಕ ಕೂತಿದ್ದ. ಚೀಲ ಪಕ್ಕದ ಸೀಟಿನ ಮೇಲಿತ್ತು. ಅವನನ್ನು ನೋಡಿದ, ಚೀಲ ತೆಗೆಯಲಿಲ್ಲ. ಹಾಗೆಂದು ಹೋಗು ಎಂದೂ ಹೇಳಲಿಲ್ಲ. ಬಸ್ಸು ಹೊರಟಿತು. ಅವನು ಮೇಲಿನ ಕಂಬಿ ಹಿಡಿದು ಆ ಸೀಟಿನ ಪಕ್ಕದಲ್ಲೇ ನಿಂತುಕೊಂಡ.